ಎತ್ತಿಗೆ ಬಳಿಯುವ ನೀರು

ಕೆಂಚನಿಗೆ ಹುಚ್ಚು ಹಿಡಿದಿರಲಿಲ್ಲ. ಅವನು ಮೊಮ್ಮಗಳನ್ನು ಕಚ್ಚಿರಲೂ ಇಲ್ಲ. ನಾಯಿಗೂ ಮಗುವಿಗೂ ವಿಷ ಹತ್ತಿಸಿದವಳು ನಾನು.

ಹೋದ ತಿಂಗಳ ಮಾತು. ಗುಂಡ್ಲುಪೇಟೆಯಲ್ಲಿ ಮಗಳು ಎರಡನೇ ಬಾಣಂತನದಲ್ಲಿದ್ದಳು. ಅವಳ ಮೊದಲ ಮಗು, ಆರು ವರ್ಷದ ದೇವಿ, ಚಂದಕವಾಡಿಯಲ್ಲಿ ನಮ್ಮ ಜೊತೆಗಿದ್ದಳು. ಬೆಳಿಗ್ಗೆ ತಲೆ ಬಾಚುವಾಗ ಅವಳ ಕಿವಿಯ ಹಿಂದೆ ಹರಳು ಬೀಜದಂತೆ ಉಬ್ಬಿದ ಒಂದು ಉಣ್ಣಿ ಸಿಕ್ಕಿತು. ನಮ್ಮ ನಾಯಿ ಕೆಂಚನದು. ನೋಡಿದರೆ ಅವನ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಎಲ್ಲೆಲ್ಲೂ ಮುತ್ತಿಕೊಂಡಿದ್ದವು.

ಕೂತು ಕೀಳುವ ತಾಳ್ಮೆ ನನಗಿಲ್ಲ. ಎತ್ತುಗಳಿಗೆ ಉಣ್ಣಿ ಹತ್ತಿದರೆ ನಾವು ಹೊಗೆಸೊಪ್ಪು ಕುದಿಸಿ ಆ ನೀರು ಬಳಿಯುತ್ತೇವೆ. ಅದನ್ನೇ ಕುದಿಸಿದೆ. ಎತ್ತಿಗೆ ಹಾಕುವಷ್ಟೇ ಸೊಪ್ಪು ಹಾಕಿದೆ. ಕೆಂಚನ ಮೈಗೆಲ್ಲ ಬಳಿದು, ಉಳಿದ ನೀರಿನಲ್ಲಿ ಗೋಣಿಚೀಲ ಅದ್ದಿ ಹೊದಿಸಿ, ಜಗಲಿಯ ಕಂಬಕ್ಕೆ ಕಟ್ಟಿ, ಅರಿಸಿನ ಹರಡಲು ಕಣಕ್ಕೆ ಹೋದೆ.

ಮಧ್ಯಾಹ್ನ ಬಂದಾಗ ನಾಯಿಯ ಬಾಯಲ್ಲಿ ನೊರೆ. ಹಿಂಗಾಲು ನಿಲ್ಲುತ್ತಿರಲಿಲ್ಲ. ಮಗ್ಗುಲಲ್ಲಿ ದೇವಿ ಬಗ್ಗಿಕೊಂಡು ವಾಂತಿ ಮಾಡುತ್ತಿದ್ದಳು. ಜೊಲ್ಲು ಸುರಿಯುತ್ತಿತ್ತು. ಮುಖ ಬಿಳುಚಿಕೊಂಡು ಮೈ ಬೆವೆತು ಕೈ ನಡುಗುತ್ತಿತ್ತು. ಲೋಟದಲ್ಲಿ ನೀರು ಕೊಟ್ಟೆ.

ನೀರು ತಳ್ಳಿಬಿಟ್ಟಳು.

ಹುಚ್ಚುನಾಯಿ ಕಚ್ಚಿದವರು ನೀರಿಗೆ ಹೆದರುತ್ತಾರೆ ಎಂದು ಯಾರಿಗೆ ಗೊತ್ತಿಲ್ಲ? ಅವಳ ಮೊಣಕೈಯಲ್ಲಿ ಒಂದು ಗೀರು ಬೇರೆ ಇತ್ತು. ನನ್ನ ಕೂಗಿಗೆ ಮಗ ಮಾದೇವ ಬಂದ. ಪಕ್ಕದ ಮನೆಯ ಪುಟ್ಟಯ್ಯ ಬಂದ. ದೊಣ್ಣೆಯೂ ಬಂತು.

"ಉಚ್ಚು ಕಣ್ಲಾ ಮಾದೇವ. ಒಡ್ದಾಕ್ಬುಡು" ಎಂದ ಪುಟ್ಟಯ್ಯ.

ಮಗ ಒಂದು ಗಳಿಗೆ ನಾಯಿಯನ್ನೇ ನೋಡಿದ. "ಮೊದ್ಲು ಮಗು. ನಾಯ್ನ ಬಂದು ನೋಡ್ಕತೀನಿ" ಎಂದು ಗಾಡಿ ಹೂಡಿದ.

ಚಾಮರಾಜನಗರದ ದಾರಿ ಅವತ್ತು ಮುಗಿಯಲೇ ಇಲ್ಲ. ಮಗು ನನ್ನ ಮಡಿಲಲ್ಲಿ ಅದುರುತ್ತಿತ್ತು. ಹೊಕ್ಕಳ ಸುತ್ತ ಹಾಕುವ ಹದಿನಾಲ್ಕು ಇಂಜೆಕ್ಷನ್ ನೆನಪಾಯಿತು. ಹುಚ್ಚು ಏರಿದ ಮೇಲೆ ಅದೂ ಹತ್ತುವುದಿಲ್ಲ ಎನ್ನುವುದು ನೆನಪಾಯಿತು. ಬಾಣಂತಿ ಮಗಳಿಗೆ ಏನೆಂದು ಹೇಳಿ ಕಳಿಸುವುದು ಎಂದು ಲೆಕ್ಕ ಹಾಕುತ್ತಿದ್ದೆ. ಮಗುವಿನ ತಲೆಯಲ್ಲಿ ಹೊಗೆಸೊಪ್ಪಿನ ಘಾಟು ಇತ್ತು. ನನ್ನ ಬಾಯಿಯದೇ ಇರಬೇಕು ಎಂದುಕೊಂಡೆ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಂಡು ನಲವತ್ತು ವರ್ಷವಾಯಿತು. ನನ್ನ ಸೀರೆ, ಹಾಸಿಗೆ, ಮನೆ ಎಲ್ಲ ಅದೇ ನಾತ. ಬೇರೆ ಯಾರ ಮನೆಯಲ್ಲಾದರೂ ತಕ್ಷಣ ಮೂಗಿಗೆ ಬಡಿಯುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಗೀರು ನೋಡಿದರು. ಮುಳ್ಳಿನದು ಎಂದರು. ಮಗುವಿನ ಕಣ್ಣು ಅಗಲಿಸಿ ನೋಡಿದರು. ನಾಯಿ ಯಾವತ್ತು ಕಚ್ಚಿತು ಎಂದು ಕೇಳಿದರು. ಕಚ್ಚಿದ್ದನ್ನು ಯಾರೂ ನೋಡಿಲ್ಲ ಎಂದ ಮಗ. ಕಚ್ಚಿದ ದಿನವೇ ಹುಚ್ಚು ಕಾಣಿಸುವುದಿಲ್ಲ ಎಂದು ಹೇಳಿ, ಮಗುವಿನ ಲಂಗವನ್ನು ಮೂಗಿನ ಹತ್ತಿರ ಹಿಡಿದರು.

"ಹೊಗೆಸೊಪ್ಪು ಯಾರು ಹಾಕ್ತಾರೆ?"

"ನಾನು."

"ನೀವು ಬಾಯಿಗೆ ಹಾಕ್ತೀರಿ ಅಜ್ಜಿ. ಇದು ಬಟ್ಟೆಗೆ ಹೇಗೆ ಬಂತು?"

ಬೆಂಚಿನ ಮೇಲಿಂದ ದೇವಿಯೇ ಸಣ್ಣಗೆ ಹೇಳಿದಳು. "ಕೆಂಚಂಗೆ ಚಳಿ ಆಗಿತ್ತು. ಗೋಣಿ ಒಳಗೆ ಅವನ್ನ ತಬ್ಕಂಡು ಮಲಗಿದ್ದೆ."

ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಗೆಸೊಪ್ಪಿನ ವಿಷ ಚರ್ಮದಿಂದಲೇ ಒಳಗೆ ಇಳಿಯುತ್ತದೆ, ನಾಯಿಯಾದರೆ ನೆಕ್ಕಿಯೂ ಇರುತ್ತದೆ ಎಂದರು. ನರ್ಸಮ್ಮ ಮಗುವಿನ ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೂರು ಸಲ ತೊಳೆದಳು. ವಾರ್ಡಿನಲ್ಲಿ ಮಲಗಿಸಿದರು. ಬದುಕುತ್ತಾಳಾ ಎಂದು ಕೇಳಿದೆ. ಉಸಿರು ಸರಿಯಾಗಿದೆ, ಬೆಳಗಾಗಲಿ, ನೋಡೋಣ ಎಂದರು. ಅಷ್ಟೇ.

ಮಗನಿಗೆ ಆಗ ನಾಯಿ ನೆನಪಾಯಿತು. ಪುಟ್ಟಯ್ಯ ಕಾಯುವ ಆಳಲ್ಲ. ಮಾದೇವ ಗಾಡಿ ತಿರುಗಿಸಿ ಓಡಿಸಿದ. ನಾನು ಮಂಚದ ಪಕ್ಕ ನೆಲದಲ್ಲಿ ಕೂತು ಮಗುವಿನ ಹೊಟ್ಟೆ ಏರಿ ಇಳಿಯುವುದನ್ನೇ ನೋಡಿದೆ. ಎಲೆಅಡಿಕೆ ಚೀಲ ಸೊಂಟದಲ್ಲೇ ಇತ್ತು. ಬಿಚ್ಚಲಿಲ್ಲ.

ಬೆಳಗಾದಾಗ ದೇವಿ ಗಂಜಿ ಕುಡಿದಳು. ನೀರೂ ಕುಡಿದಳು. ಡಾಕ್ಟರು ಮನೆಗೆ ಕಳಿಸಿದರು. ಇನ್ನು ಮೇಲೆ ದನದ ಆಸ್ಪತ್ರೆಯಲ್ಲಿ ಕೇಳದೆ ನಾಯಿಗೆ ಏನನ್ನೂ ಬಳಿಯಬೇಡಿ. ನಾಯಿ ಮಲಗುವ ಕಡೆ ಗೋಡೆಯ ಬಿರುಕು ಮುಚ್ಚಬೇಕು, ಉಣ್ಣಿ ಅಲ್ಲೇ ಮರಿಮಾಡುತ್ತದೆ ಎಂದರು.

ಸಿಕ್ಕ ಮೊದಲ ಬಸ್ಸಿಗೆ ಊರು ಸೇರಿದೆವು. ಕೆಂಚ ಬದುಕಿದ್ದ. ಮಗ ಹೋಗುವಷ್ಟರಲ್ಲಿ ಪುಟ್ಟಯ್ಯನ ಒಂದು ಏಟು ಬಿದ್ದಾಗಿತ್ತು, ಮುಂಗಾಲು ಊದಿತ್ತು. ಮಗ ಕೊಡಗಟ್ಟಲೆ ನೀರು ಸುರಿದು ತೊಳೆದಿದ್ದ. ವಿಷಯ ತಿಳಿದ ಪುಟ್ಟಯ್ಯ ಬೇಲಿಯಾಚೆಯಿಂದ, "ನಿನ್ ಬಾಯ್ ನಾತ ನಾವು ತಡ್ಕಂಡ್ವಿ ಕಣಕ್ಕ, ಪಾಪ ನಾಯಿ ತಡೀನಿಲ್ಲ" ಎಂದ. ಹೇಳಿಸಿಕೊಂಡೆ.

ಆ ಗೋಣಿಯನ್ನೂ ಕುದಿಸಿದ ಮಡಕೆಯನ್ನೂ ಹಿತ್ತಿಲಲ್ಲಿ ಹೂತೆ. ಬಿರುಕಿಗೆ ಮಣ್ಣು ಮೆತ್ತಿದೆ. ಆಮೇಲೆ ತೆಂಗಿನ ಚಿಪ್ಪಿಗೆ ಸೀಮೆಎಣ್ಣೆ ಬಿಟ್ಟುಕೊಂಡು ಬಿಸಿಲಲ್ಲಿ ಕೂತೆ. ಕೆಂಚ ನನ್ನ ಕೈ ಕಂಡು ಹಿಂದೆ ಸರಿದ. ನಾನು ಏಳಲಿಲ್ಲ. ದೇವಿಯನ್ನು ಜಗಲಿ ಬಿಟ್ಟು ಇಳಿಯಬೇಡ ಎಂದಿದ್ದೆ. ಅವಳು ಅಲ್ಲಿಂದಲೇ ಅವನ ಹೆಸರು ಹಿಡಿದು ಮಾತಾಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೆಂಚ ಕುಂಟಿಕೊಂಡು ಬಂದು, ನನಗೆ ಬೆನ್ನು ಹಾಕಿ ಮಲಗಿದ.

ಉಣ್ಣಿ ಒಂದೊಂದೇ ಕಿತ್ತು ಚಿಪ್ಪಿಗೆ ಹಾಕಿದೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಂದು ಕಿವಿ ಮುಗಿದಿತ್ತು.