ಪಾಲಿಶ್ ಕಾಕಾ ಎಳೆದ ಗೆರೆ

ಹೋದ ತಿಂಗಳು ಹುಕ್ಕೇರಿಯ ಟೈರ್ ಅಂಗಡಿಯ ಮುಂದೆ ನಾನೂ ನನ್ನ ತಂಗಿಯೂ ನಿಂತಿದ್ದೆವು. ಒಳಗೆ ಯಾರೋ ಅಲಾಯ್ ಚಕ್ರಕ್ಕೆ ಬಣ್ಣ ಹೊಡೆಯುತ್ತಿದ್ದರು. ಥಿನ್ನರ್ ವಾಸನೆ ಮೂಗಿಗೆ ಬಡಿಯಿತು. ತಂಗಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಈ ವಾಸನಿ ಬಂದ್ರ ಆ ಪಾಲಿಶ್ ಕಾಕಾಗ ಇನ್ನೂ ಶಾಪಾ ಹಾಕ್ಬೇಕು ಅನಸ್ತೈತಿ" ಅಂದಳು.  ಹನ್ನೊಂದು ವರ್ಷ ನಿಜ ಮುಚ್ಚಿಟ್ಟವನಿಗೆ ಆ ಮಾತೇನು ಹೊಸದೇ...

ಕಾಕಾ ನಮ್ಮ ಸಂಬಂಧಿಕರಲ್ಲ, ಊರಿಗೆಲ್ಲ ಕಾಕಾ. ಗೋಕಾಕ ಫಾಲ್ಸ್ ಮಿಲ್ಲಿನಲ್ಲಿ ಯಂತ್ರದ ಉರುಳೆಗಳಿಗೆ ಹೊಳಪು ಕೊಡುತ್ತಿದ್ದವರು, ಆ ಕೆಲಸ ಬಿಟ್ಟ ಮೇಲೆ ಮೂಡಲಗಿ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಗೀರು ಬಿದ್ದ ಕಾರಿನ ಚಕ್ರ ಕೊಟ್ಟರೆ ಹಳೆಯ ಬಣ್ಣ ಕೆರೆದು, ಉಜ್ಜಿ ಉಜ್ಜಿ, ಅದರಲ್ಲಿ ಮೀಸೆ ತಿದ್ದಿಕೊಳ್ಳುವ ಹಾಗೆ ಮಾಡುತ್ತಿದ್ದರು. ಆದರೆ ಕೆಲಸ ಹಿಡಿಯುವ ಮೊದಲು ಚಕ್ರವನ್ನು ಹಗ್ಗಕ್ಕೆ ತೂಗುಹಾಕಿ, ಕಟ್ಟಿಗೆಯ ಕೊಡತಿಯಿಂದ ಒಮ್ಮೆ ಬಡಿದು, ಕಣ್ಣು ಮುಚ್ಚಿ ಕೇಳುವರು. ಗಂಟೆಯಂತೆ ನಾದ ಬಂದರೆ ಸರಿ. ಬದ್ ಎಂದರೆ ಎಲ್ಲೋ ಸೀಳಿದೆ. ಸೀಳು ಹುಡುಕಿ, ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆದು ಚಕ್ರ ವಾಪಸ್ ಕೊಡುವರು.

ತಂಗಿಯ ಮದುವೆಯಲ್ಲಿ ಅಳಿಯನಿಗೆ ನಮ್ಮ ಕಾರನ್ನು ಕೊಡುವುದಾಗಿ ಅಪ್ಪ ಮಾತು ಕೊಟ್ಟಿದ್ದ. ಕೌಜಲಗಿ ದಾರಿಯಲ್ಲಿ ಕಾಲುವೆಯ ಕಲ್ಲಿಗೆ ಬಡಿದು ಅದರ ಒಂದು ಚಕ್ರ ಕೆಟ್ಟಿತ್ತು. ಮದುವೆಗೆ ಎರಡೇ ದಿನ. ನಾನೂ ಅಣ್ಣನೂ ಅದನ್ನು ಒಯ್ದೆವು.

ಕಾಕಾ ಬಡಿದು ಕೇಳಿದರು. "ಬ್ಯಾಡೋ ತಮ್ಮಾ, ಸೀಳೈತಿ. ಬ್ಯಾರೆ ಚಕ್ರಾ ತರಸ್ರಿ."

"ಟೈಮ್ ಎಲ್ಲೈತ್ರಿ? ಸೀಳಿನಾಗ ಪುಟ್ಟಿ ಮೆತ್ತಿ ಬಣ್ಣಾ ಬಡೀರಿ. ಮಿಲ್ಲಿನ ಗದ್ದಲದಾಗ ನಿಮ್ಮ ಕಿವಿ ಯಾವಾಗೋ ಹೋಗ್ಯಾವು" ಎಂದು ಅಣ್ಣ ನಕ್ಕ.

"ಕಿವಿ ಹೋಗ್ಲಿ. ಆ ಗಾಡ್ಯಾಗ ಕುಂಡ್ರಾಕಿ ನಿಮ್ಮ ತಂಗಿ ಅದಾಳಪಾ."

ದಾರಿಯಲ್ಲಿ ಅಣ್ಣ ಹೆಗಲ ಮೇಲಿನ ವಸ್ತ್ರದಿಂದ ಕಾಕಾ ಎಳೆದಿದ್ದ ಸೀಮೆಸುಣ್ಣದ ಗೆರೆಯನ್ನು ಒರೆಸಿದ. ಚಕ್ರವನ್ನು ಹಿಡಿದುಕೊಂಡವನು ನಾನು. ಗೋಕಾಕದಲ್ಲಿ ಇನ್ನೊಬ್ಬನ ಕಡೆ ಸೀಳಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದೆವು. ಮಂಟಪದ ಮುಂದೆ ನಿಂತ ಕಾರನ್ನು ಬೀಗರೆಲ್ಲ ಸುತ್ತು ಹಾಕಿ ನೋಡಿದರು.

ವರ್ಷ ತುಂಬುವುದರೊಳಗೆ ಆ ಚಕ್ರ ಒಡೆದು ಕಾರು ಹೊಲಕ್ಕೆ ಉರುಳಿತು. ತಂಗಿ ಐದು ತಿಂಗಳ ಬಸುರಿ. ಅವಳು ಉಳಿದಳು, ಕೂಸು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಮಾವ ಕೇಳಿದರು, "ಚಕ್ರಾ ಯಾರ ಕಡೆ ಮಾಡ್ಸಿದ್ರಿ?" ಅಣ್ಣ ತಡವರಿಸದೆ "ಪಾಲಿಶ್ ಕಾಕಾನ ಕಡೆ" ಅಂದ. ಅವರು ನನ್ನತ್ತ ತಿರುಗಿದರು. ನಾನು ಹೂಂ ಅಂದೆ.

ಮಾತು ಹಬ್ಬಲು ಒಂದು ಸಂತೆ ಸಾಕಾಯಿತು. ಶೆಡ್ಡಿಗೆ ಚಕ್ರ ಬರುವುದು ನಿಂತಿತು. ಕಾಕಾ ನಮ್ಮ ಬಾಗಿಲಿಗೆ ಬಂದು ಜಗಳ ತೆಗೆಯಲಿಲ್ಲ. ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾದಾಗ, "ತಂಗಿ ಆರಾಮ ಅದಾಳೇನೋ?" ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು... ಎರಡು ವರ್ಷದ ಹಿಂದೆ ತುಕ್ಕಾನಟ್ಟಿಯ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗುವ ಮುಖ ನನಗಿರಲಿಲ್ಲ.

ಅಂದು ಟೈರ್ ಅಂಗಡಿಯ ಮುಂದೆ ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. "ಇಷ್ಟ್ ವರ್ಷ ನನ್ನ ಬಾಯಿಲೇ ಅವರ್ನ ಬೈಸಿದ್ಯಲ್ಲೋ" ಅಂದಳು.

ಮರುದಿನ ಒಬ್ಬಳೇ ತುಕ್ಕಾನಟ್ಟಿಗೆ ಹೋಗಿ ಕಾಕಾನ ಹೆಂಡತಿಯ ಕಾಲಿಗೆ ಬಿದ್ದು ಬಂದಳಂತೆ. ಮೊನ್ನೆ ನಾಗರಪಂಚಮಿಗೆ ಅವಳನ್ನು ಕರೆಯಲು ಹೋಗಿದ್ದೆ. ಕುಡಿಯಲು ನೀರು ಕೊಟ್ಟಳು. ತವರಿಗೆ ಬರುವುದಿಲ್ಲ ಎಂದಳು. ನಾನು ಬಸ್ಸು ಹತ್ತಿ ಬಂದೆ.