ಮಕ್ಕಳು ಮಲಗ್ಯಾವ, ಮೆಲ್ಲಕ ಮಾತಾಡ್ರಿ

ಬೆಳಕು ಇನ್ನೂ ನೆಲಕ್ಕೆ ಇಳಿದಿಲ್ಲ. ದಾಸನಕೊಪ್ಪದ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಪುಟ್ಟ ಊರು. ಅಲ್ಲಿನ ಪಂಚಾಯ್ತಿ ಕಟ್ಟಡದ ಮೂಲೆಯ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಹೊಸ್ತಿಲಲ್ಲಿ ಕಲ್ಲವ್ವ ಎರಡೂ ಕೈ ಚಾಚಿ ನಿಂತಿದ್ದಾರೆ. ಅನಾನಸ್ ಹೊಲಕ್ಕೆ ಹೊರಟ ಹೆಂಗಸರು ಒಬ್ಬೊಬ್ಬರಾಗಿ ಬಂದು, ನಿದ್ದೆಗಣ್ಣಿನ ಕೂಸನ್ನು ಆ ಕೈಗಿಟ್ಟು, ಪುಟ್ಟ ಮುಷ್ಟಿಯಿಂದ ಸೆರಗು ಬಿಡಿಸಿಕೊಂಡು ಹೊಲಕ್ಕೊಯ್ಯುವ ಗಾಡಿ ಹಿಡಿಯಲು ಓಡುತ್ತಾರೆ. ರಾತ್ರಿ ಯಾರಿಗೆ ಕೆಮ್ಮಿತ್ತು, ಯಾರು ಹಾಲು ಮುಟ್ಟಲಿಲ್ಲ ಎಂಬ ವರದಿಯೆಲ್ಲ ಆ ಓಟದಲ್ಲೇ ಮುಗಿಯುತ್ತದೆ. ಬಾಗಿಲ ಮೇಲೆ ‘ಕೂಸಿನ ಮನೆ’ ಎಂಬ ಸರ್ಕಾರಿ ಬೋರ್ಡಿದೆ. ಅದರಲ್ಲಿ ಬರೆದಿರುವ ಹೊತ್ತಿಗೂ ಈ ಹೊತ್ತಿಗೂ ಸಂಬಂಧವಿಲ್ಲ. “ಅನಾನಸ್ ಗಾಡಿ ಬೋರ್ಡ್ ಓದಿ ಬರೂದಿಲ್ಲಲ್ರಿ” ಎಂದು ಕಲ್ಲವ್ವ ನಗುತ್ತಾರೆ.

ದಿನಕ್ಕೆ ಹದಿನಾಲ್ಕು ಮಕ್ಕಳು, ಎರಡು ತೊಟ್ಟಿಲು. ತೊಟ್ಟಿಲು ಸಿಗದವರಿಗೆ ಚಾಪೆ, ಚಾಪೆ ಒಲ್ಲದವರಿಗೆ ಕಲ್ಲವ್ವನ ತೊಡೆ. ಬೆಳಿಗ್ಗೆ ರಾಗಿ ಗಂಜಿ, ಬಿಸಿಲೇರಿದಾಗ ಸ್ನಾನ, ಮಧ್ಯಾಹ್ನದ ಊಟ. ಆಮೇಲೆ ಅವರು ಗುನುಗುವ ಜೋಗುಳಕ್ಕೆ ಕೋಣೆಯೆಲ್ಲ ಒಂದೇ ಉಸಿರಿನಲ್ಲಿ ಮಲಗುತ್ತದೆ. ಪಾಳಿಗೆ ಇನ್ನೊಬ್ಬಾಕೆ ಬರುತ್ತಾರೆ. ಆದರೂ ಕಲ್ಲವ್ವ ಮಲಗಿಸದೆ ಮನೆಗೆ ಹೋಗುವುದಿಲ್ಲ.

ಹಿಂದೆ ಅವರೂ ಅನಾನಸ್ ಕೊಯ್ಯುತ್ತಿದ್ದರು. ಮಗಳು ಸಮೃದ್ಧಿಯನ್ನು ಹೊಲದಂಚಿನ ಮಾವಿನ ಮರಕ್ಕೆ ಸೀರೆ ಜೋಲಿ ಕಟ್ಟಿ ಮಲಗಿಸುವುದು. ಒಂದು ದಿನ ಅಳು ಕೇಳಿಸಿತು. ಮುಳ್ಳೆಲೆಗಳ ಸಾಲಿನೊಳಗಿಂದ ಓಡಿ ಬರುವುದಾದರೂ ಹೇಗೆ? ಕಾಲು ತರಚಿಕೊಂಡು ತಲುಪುವಷ್ಟರಲ್ಲಿ ಜೋಲಿಗೆ ಕೆಂಪಿರುವೆ ಮುತ್ತಿದ್ದವು. ಸಮೃದ್ಧಿ ಈಗ ಹೈಸ್ಕೂಲು. ಅವಳಿಗೆ ಅದರ ನೆನಪಿಲ್ಲ. “ನನ್ನ ಕಿವ್ಯಾಗ ಐತ್ರಿ” ಎನ್ನುತ್ತಾರೆ ತಾಯಿ.

ಈ ಕೋಣೆ ಈ ಸಲ ಕೈತಪ್ಪುವುದರಲ್ಲಿತ್ತು. ರೈತರಿಗೆ ಹಂಚುವ ಗೊಬ್ಬರ ಇಡಲು ಜಾಗ ಸಾಲದು, ಕೂಸಿನ ಮನೆ ಖಾಲಿ ಮಾಡಿಸೋಣ ಎಂಬ ವಿಷಯ ಅದೇ ಕಟ್ಟಡದ ಪಡಸಾಲೆಯಲ್ಲಿ ನಡೆದ ಗ್ರಾಮಸಭೆಗೆ ಬಂತು. ತಂದವರು ಸದಸ್ಯ ವಿಶ್ವೇಶ್ವರ. ಸ್ವಂತ ಅನಾನಸ್ ಹೊಲವಿರುವ, ನಾಲ್ಕು ಜನಕ್ಕೆ ಬೇಕಾದ ಮನುಷ್ಯ. ಮಕ್ಕಳನ್ನು ಸಾಕುವುದು ಮನೆಯ ಕೆಲಸ, ಅಜ್ಜಿಯರಿದ್ದಾರೆ, ಸರ್ಕಾರ ತೊಟ್ಟಿಲು ತೂಗಬೇಕೆ ಎಂಬುದು ಅವರ ವಾದ. ಒಂದು ಪಕ್ಷದವರು ಇದು ತಮ್ಮ ಯೋಜನೆ ಎಂದು ಎದ್ದರು. ಅದಕ್ಕೇ ಬೇಡವೆಂದು ಇನ್ನೊಂದು ಪಕ್ಷದವರು ಎದ್ದರು. ಮೈಕಿಗಾಗಿ ಎಳೆದಾಟ. ಹೆಂಗಸರು ಹಿಂದೆ, ಕೂಸಿನ ಮನೆಯ ಬಾಗಿಲಿಗೆ ಒತ್ತಿಕೊಂಡು ಕೂತಿದ್ದರು.

ಗೋಡೆಯಾಚೆ ಕಲ್ಲವ್ವನಿಗೆ ಎಲ್ಲ ಕೇಳಿಸುತ್ತಿತ್ತು. ಕೋಣೆ ಹೋದರೆ ಈ ಮಕ್ಕಳು ಮತ್ತೆ ಮರದ ಬುಡಕ್ಕೇ. ಅಷ್ಟರಲ್ಲಿ ಮೈಕು ಕಿರ್ರೆಂದಿತು, ತೊಟ್ಟಿಲ ಎರಡು ಕೂಸು ಬೆಚ್ಚಿ ಅತ್ತವು. ಒಂದನ್ನು ಹೆಗಲಿಗೆ ಹಾಕಿಕೊಂಡು ಅವರು ಬಾಗಿಲು ತೆರೆದರು.

“ಆ ಮೈಕ್ ಬಂದ್ ಮಾಡ್ರಿ. ಮಕ್ಕಳು ಮಲಗ್ಯಾವ, ಮೆಲ್ಲಕ ಮಾತಾಡ್ರಿ.”

ಅಷ್ಟೇ ಹೇಳಿ ಒಳಗೆ ಹೋದರು. ಬಾಗಿಲು ಹಾಕಿದ ಮೇಲೆ ದಿಗಿಲಾಯಿತು. ದೊಡ್ಡವರ ಬಾಯಿ ಮುಚ್ಚಿಸಿ ಇದ್ದ ಕೋಣೆಯನ್ನೂ ಕಳೆದೆನೇ ಎಂದು.

ಹೊರಗೆ ವಿಶ್ವೇಶ್ವರ ತಾವೇ ಮೈಕು ಆರಿಸಿದರು. ಅವರ ಮನೆಯಲ್ಲೂ ಮೊಮ್ಮಗುವಿದೆ. ಸಭೆಯ ದನಿ ಗರ್ಭಗುಡಿಯ ಮುಂದೆ ನಿಂತವರ ದನಿಯಾಯಿತು. ಜಗಳ ಮುಂದುವರಿಸಲು ನೋಡಿದವರಿಗೂ ಪಿಸುದನಿಯಲ್ಲಿ ಬೈಯುವುದು ಒಗ್ಗಲಿಲ್ಲ. “ಕನ್ಯಾ ನೋಡಾಕ ಬಂದವರಂಗ ಕುಂತೀರಲ್ರೋ” ಎಂದು ಹುಚ್ಚ ಎಂಬ ಹೆಸರಿನ ಮುದುಕ ಛೇಡಿಸಿದ. ಈಗ ಕೇಳಿಸಬೇಕಾದರೆ ಹತ್ತಿರ ಬರಬೇಕು. ಗಂಡಸರು ಕುರ್ಚಿ ಎತ್ತಿಕೊಂಡು ಹಿಂದೆ, ಹೆಂಗಸರತ್ತ ಸರಿದರು.

ಮನೆಯಲ್ಲಿ ಅಜ್ಜಿಯರಿಲ್ಲವೇ ಎಂದು ವಿಶ್ವೇಶ್ವರ ಮತ್ತೆ ಕೇಳಿದರು, ಮೆಲ್ಲಗೆ.

“ಅಜ್ಜಿ ನಾನ ಅದೀನಲ್ಲೋ ತಮ್ಮಾ” ಎಂದರು ಹೆಂಗಸರ ಸಾಲಿನಲ್ಲಿದ್ದ ನರೆಗೂದಲ ದೇವಿ. “ದಿನಾ ಮುಂಜಾನೆ ನಿನ್ನ ಹೊಲಕ್ಕ ಬರೂದು ಮತ್ತ್ಯಾರು?”

ಯಾರೋ ಕಿಸಕ್ಕೆಂದು ನಕ್ಕು ಬಾಯಿಗೆ ಕೈ ಅಡ್ಡ ಹಿಡಿದರು. ವಿಶ್ವೇಶ್ವರ, ಗೊಬ್ಬರ ತಮ್ಮ ಕಣದ ಕೊಟ್ಟಿಗೆಯಲ್ಲೇ ಇರಲಿ ಎಂದರು. ಕೋಣೆ ಉಳಿಯಲೆಂದು ಕೈಗಳು ಎದ್ದವು. ಚಪ್ಪಾಳೆ ತಟ್ಟಲು ಹೋದವರನ್ನು ಪಕ್ಕದವರೇ ತಡೆದರು.

ಒಳಗಿದ್ದ ಕಲ್ಲವ್ವನಿಗೆ ಇದಾವುದೂ ಕೇಳಿಸಿರಲಿಲ್ಲ. ಮಕ್ಕಳಲ್ಲೊಂದರ ತಾಯಿ, ಗೂಡ್ಸ್ ಗಾಡಿ ಓಡಿಸುವ ಆರಿಫ್‌ನ ಹೆಂಡತಿ ನಸ್ರೀನ್, ಬಾಗಿಲು ಸರಿಸಿ ಉಸುರಿದರು: “ಕಲ್ಲಕ್ಕಾ, ಉಳೀತು.”

“ಗ್ವಾಡಿಗೆ ಒರಗಿ ಕುಂತೆ. ನಕ್ಕೆನೋ ಅತ್ತೆನೋ ಗೊತ್ತಿಲ್ಲ, ಸಪ್ಪಳ ಮಾತ್ರ ಮಾಡ್ಲಿಲ್ಲ” ಎಂದು ಕಲ್ಲವ್ವ ನೆನೆಯುತ್ತಾರೆ.

ಈಗ ಏನು ಬೇಕು ಎಂದು ಕೇಳಿದರೆ ಗೋಡೆಯತ್ತ ಕೈ ತೋರಿಸುತ್ತಾರೆ.

“ಮಳಿಗಾಲದಾಗ ಕೂಸಿನ ಅರಿವಿ ಒಣಗೂದಿಲ್ರಿ. ಒಳಗ ಒಂದು ಹಗ್ಗ ಕಟ್ಟಬೇಕು. ಇಷ್ಟು ದಿನ ಈ ಗ್ವಾಡಿಗೆ ಮೊಳಿ ಹೊಡ್ಯಾಕ ಧೈರ್ಯ ಇರ್ಲಿಲ್ಲ, ಯಾವಾಗ ಎಬ್ಬಸ್ತಾರೋ ಅಂತ. ಮೊಳಿ ತಂದಿಟ್ಟೀನಿ.” ಮಲಗಿದ ಮಕ್ಕಳತ್ತ ಒಮ್ಮೆ ನೋಡುತ್ತಾರೆ. “ಎದ್ದಮ್ಯಾಲ ಹೊಡೀತೀನಿ.”