ರಂಗಲಕ್ಷ್ಮಮ್ಮ ಬರೆದ ತಾರೀಖು

ಗುಬ್ಬಿಯಲ್ಲಿ ಐವತ್ತರ ಆಸುಪಾಸಿನ ಅರ್ಧ ಜನ ಜೂನ್ ಒಂದನೇ ತಾರೀಖು ಹುಟ್ಟಿದವರು. ದೇವರು ಹಾಗೆ ಹುಟ್ಟಿಸಿದ್ದಲ್ಲ, ರಂಗಲಕ್ಷ್ಮಮ್ಮ ಬರೆದದ್ದು. ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಆಕೆ ಇಪ್ಪತ್ತನಾಲ್ಕು ವರ್ಷ ಸೆಕ್ರೆಟರಿ. ಅಧ್ಯಕ್ಷರ ಪತ್ರ ಟೈಪು ಮಾಡುವುದರಿಂದ ಹಿಡಿದು ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವವರೆಗೆ ಎಲ್ಲವೂ ಆಕೆಯ ತಲೆಗೇ. ಮಗುವನ್ನು ಕರೆತಂದ ಹಳ್ಳಿಯ ಅಪ್ಪನನ್ನು ಹುಟ್ಟಿದ ದಿನ ಕೇಳಿದರೆ, "ಕೆರೆ ಕೋಡಿ ಬಿದ್ದ ವರ್ಸ ಕಣವ್ವ" ಎನ್ನುತ್ತಿದ್ದ. ಆಕೆ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದಳು. ಮುಟ್ಟಿದರೆ ಆರು ವರ್ಷ. ಒಂದು ಇಸವಿ ಗೊತ್ತುಮಾಡಿ, ಅದರ ಹಿಂದೆ ಜೂನ್ ಒಂದು ಎಂದು ಬರೆದು, ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು.

ಆಕೆ ಬೆಳ್ಳಾವಿಯ ಹುಡುಗಿ. ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನಲ್ಲಿ ಟೈಪಿಂಗ್ ಕಲಿತಿದ್ದಳು. ಗಂಡ ಆಂಜನಪ್ಪ ಅದೇ ಶಾಲೆಯ ಅಟೆಂಡರ್. ಎಪ್ಪತ್ತಮೂರರಲ್ಲಿ ಲಾರಿ ಹೊಡೆದು ಹೋದ. ಶಾಲೆಯವರು ಹೆಂಡತಿಗೆ ಕೆಲಸ ಕೊಟ್ಟು ಪುಣ್ಯ ಕಟ್ಟಿಕೊಂಡರು ಎಂದು ಊರು ಹೊಗಳಿತು. ಒಂಬತ್ತರಿಂದ ಸಂಜೆ ಆರರವರೆಗೆ ದುಡಿಸಿಕೊಂಡರು ಎಂದು ಯಾರೂ ಹೇಳಲಿಲ್ಲ. ಮಗಳು ಶಾಂತಲಾ ಆಗಲೇ ಶಾಲೆಗೆ ಹೋಗುತ್ತಿದ್ದಳು. ಮಗ ರಂಗರಾಜುವಿಗೆ ಐದು ತುಂಬಿರಲಿಲ್ಲ. ನೋಡಿಕೊಳ್ಳುವವರಿಲ್ಲದೆ, ಒಂದು ಬಟ್ಟಲು ಪುರಿ ಕೊಟ್ಟು ಅವನನ್ನು ಒಳಗೆ ಬಿಟ್ಟು ಬೀಗ ಹಾಕಿ ಹೋಗುತ್ತಿದ್ದಳು. ಒಂದು ಸಂಜೆ ಬಂದು ನೋಡಿದರೆ ಬಾಗಿಲು ಬಡಿದೂ ಬಡಿದೂ ಮಗುವಿನ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ಮುಂದಿನ ಜೂನ್‌ನಲ್ಲಿ ಅವನ ಹೆಸರೂ ರಿಜಿಸ್ಟರಿಗೆ ಬಂತು. ಕೈ ಕಿವಿಗೆ ಎಟುಕಲಿಲ್ಲ. ಎಟುಕಿತು ಎಂದು ಬರೆದಳು.

ಮನೆಯಲ್ಲಿ ಇದೊಂದು ತಮಾಷೆಯ ಮಾತಾಗಿ ಉಳಿದಿತ್ತು. ತೊಂಬತ್ತಾರರಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ರಂಗರಾಜುವಿಗೆ ಸಬ್ ಇನ್‌ಸ್ಪೆಕ್ಟರ್ ಆಗುವ ಹುಚ್ಚು. ಎರಡು ಸಲ ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ತಪ್ಪಿತ್ತು. ಮೂರನೆಯ ಸಲ ಅರ್ಜಿಯೇ ವಾಪಸು ಬಂತು: ವಯಸ್ಸು ನಾಲ್ಕು ತಿಂಗಳು ಮೀರಿದೆ. ತಾಯಿ ನ್ಯಾಯಾಲಯದಲ್ಲಿ ನಿಂತು, ಬರೆದದ್ದು ಸುಳ್ಳು, ನಿಜವಾದ ದಿನ ಇಂಥದ್ದು ಎಂದು ಪ್ರಮಾಣ ಮಾಡಿದರೆ ದಾರಿಯಿದೆ ಎಂದರು ವಕೀಲರು. ಆಗ ಆಕೆಯ ನಿವೃತ್ತಿಗೆ ಉಳಿದದ್ದು ಒಂದೇ ವರ್ಷ; ಸುಳ್ಳು ಬರೆದೆ ಎಂದು ಒಪ್ಪಿಕೊಂಡರೆ ಕೆಲಸಕ್ಕೇ ಕುತ್ತು.

"ನನ್ ಕೈಲಿ ಆಗಲ್ಲ ಬುಡು ರಾಜು" ಎಂದಳು ರಂಗಲಕ್ಷ್ಮಮ್ಮ.

ಮೂರು ದಿನ ಅವನು ಕಾಲು ಹಿಡಿದ. ನಾಲ್ಕನೆಯ ದಿನ, "ನಿಂಗೆ ಮಗನಿಗಿಂತ ಕುರ್ಚಿ ಹೆಚ್ಚಾಯ್ತು" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ. ಕುಣಿಗಲ್‌ನಲ್ಲಿ ಟೈರ್ ಪಂಕ್ಚರ್ ಅಂಗಡಿ ಇಟ್ಟ. ಅಲ್ಲೇ ಮದುವೆಯಾದ, ಅಕ್ಕನಿಗೆ ಮಾತ್ರ ಕಾರ್ಡು ಬಂತು. ಮೊಮ್ಮಗಳು ಹರ್ಷಿತಾಳ ಮುಖವನ್ನು ಅಜ್ಜಿ ಕಂಡದ್ದು ಶಾಂತಲಾಳ ಫೋನಿನಲ್ಲಿ. ಇಪ್ಪತ್ತೇಳು ವರ್ಷ ತಾಯಿಮಗನ ನಡುವೆ ಮಾತಿಲ್ಲ. ಸಣ್ಣತನ ಎಂದರೆ ಇದು, ಆದರೆ ಶಾಂತಲಾ ತಮ್ಮನನ್ನು ಪೂರ್ತಿ ಬೈಯಲಾರಳು. ಅವ್ವ ಕುರ್ಚಿ ಉಳಿಸಿಕೊಂಡಳು ಎಂದು ಒಳಗೊಳಗೆ ಅವಳೂ ನಂಬಿದ್ದಳು, ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ.

ಕಳೆದ ವರ್ಷ, ತುಮಕೂರಿನ ಬಟವಾಡಿಯಲ್ಲಿದ್ದ ಶಾಂತಲಾಳ ಬಾಡಿಗೆ ಮನೆಯಲ್ಲಿ ರಂಗಲಕ್ಷ್ಮಮ್ಮ ಹಾಸಿಗೆ ಹಿಡಿದಳು. ಕ್ಯಾನ್ಸರ್ ಲಿವರಿಗೆ ಹಬ್ಬಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದುಬಿಟ್ಟರು ಡಾಕ್ಟರು. "ರಾಜು ಬತ್ತಾನಾ?" ಎಂದು ಮುದುಕಿ ಕೇಳಿದ್ದು ಒಂದೇ ಸಲ. ಹೇಗಾದರೂ ಅವನನ್ನು ತಂದು ಅವಳ ಮುಂದೆ ನಿಲ್ಲಿಸಬೇಕು, ಇಬ್ಬರೂ ಒಂದು ಮಾತಾಡಿಯೇ ಅವಳು ಹೋಗಬೇಕು ಎಂದು ಶಾಂತಲಾ ಹಟ ಹಿಡಿದಳು. ಎರಡು ಸಲ ಫೋನು ಮಾಡಿದಾಗ ಅವನು ಅಂಗಡಿಯಲ್ಲಿ ಜನ ಎಂದ. ಮೂರನೆಯ ಸಲ ಅವಳಿಗೆ ರೇಗಿತು.

"ಬೈಯಕ್ಕಾದ್ರೂ ಬಾರೋ. ಆಮೇಲೆ ಬೈಯಕ್ಕೂ ಸಿಗಲ್ಲ."

ಮಾರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವನು ಬಂದ. ತಲೆ ಬೆಳ್ಳಗಾಗಿತ್ತು. ಕೂತ್ಕೊ ಎಂದು ತಾಯಿ ಕಣ್ಣಿನಲ್ಲೇ ಹೇಳಿದಳು. ಕೂತ. ಮಂಚದ ಇನ್ನೊಂದು ಬದಿಯಲ್ಲಿ ಶಾಂತಲಾ ಇದ್ದಳು.

"ಒಂದೇ ಒಂದು ಹೇಳ್ಬುಡು" ಎಂದ ರಂಗರಾಜು. "ನಾನು ಹುಟ್ಟಿದ್ದು ಯಾವತ್ತು? ಯಾವ ಕೋರ್ಟಿಗೂ ಅಲ್ಲ, ನಂಗೆ ಬೇಕು."

"ಜೂನ್ ಒಂದು."

"ಅದು ನೀನು ಬರೆದಿದ್ದು."

"ಅದೊಂದೇ ನಂಗೆ ಗೊತ್ತಿರೋದು ಕಣಪ್ಪ."

ಆಮೇಲೆ ಒಂದೊಂದೇ ಮಾತಾಗಿ ಹೊರಬಂತು. ಬೆಳ್ಳಾವಿಯ ತವರಿನಲ್ಲಿ ಹೆರಿಗೆ. ಅವತ್ತೇ ಜ್ವರ ಏರಿ ಒಂದು ತಿಂಗಳು ಆಕೆಗೆ ಪ್ರಜ್ಞೆಯಿಲ್ಲ. ಎದ್ದಾಗ ಮಗು ಪಕ್ಕದಲ್ಲಿತ್ತು, ಮಳೆ ಹಿಡಿದಿತ್ತು, ಅಷ್ಟೇ ನೆನಪು.

"ತವರಲ್ಲಿ ಯಾರೂ ಬರೆದಿಡಲಿಲ್ಲ. ನಿಮ್ಮಪ್ಪಂಗೆ ಗೊತ್ತಿತ್ತು. ನಾನು ಕೇಳಿ ಇಟ್ಕೊಳ್ಳಲಿಲ್ಲ. ಅವರಿದಾರಲ್ಲ, ಯಾವತ್ತಾದ್ರೂ ಕೇಳಿದ್ರಾಯ್ತು ಅಂದ್ಕೊಂಡೆ." ತಾಯಿ ನಿಂತು ನಿಂತು ಉಸಿರೆಳೆದುಕೊಂಡಳು. "ಊರ ಮಕ್ಕಳಿಗೆಲ್ಲ ತಾರೀಖು ಬರೆದೋಳು. ನನ್ನ ಮಗ ಹುಟ್ಟಿದ ದಿನ ನಂಗೇ ಗೊತ್ತಿಲ್ಲ ಅಂತ ಜಡ್ಜ್ ಮುಂದೆ ಹೆಂಗೆ ಹೇಳ್ಲಿ?"

"ನಂಗೆ ಹೇಳ್ಬಹುದಿತ್ತಲ್ಲವ್ವ."

"ಕುರ್ಚಿ ಆಸೆಗೆ ಅಂತ ನೀನೇ ಅಂದೆ. ಅದೇ ವಾಸಿ ಅನ್ನಿಸ್ತು."

ತಾಯಿ ಒಂದಿಷ್ಟು ಹೊತ್ತು ಅವನನ್ನೇ ನೋಡುತ್ತಿದ್ದು, ಸುಸ್ತಾಗಿ ಕಣ್ಣು ಮುಚ್ಚಿದಳು. ಮತ್ತೆ ಎಚ್ಚರವಾಗಲಿಲ್ಲ. ಎರಡು ದಿನ ಅವನು ಮಂಚ ಬಿಟ್ಟು ಏಳದೆ ಆ ಬಾಯಿಗೆ ಚಮಚದಲ್ಲಿ ನೀರು ಬಿಟ್ಟ. ಮೂರನೆಯ ದಿನ ಮಧ್ಯಾಹ್ನ ಜೀವ ಹೋಯಿತು.

ನೋಡಲು ಬಂದ ನೆಂಟರೆಲ್ಲ, ಮಗ ಬಂದು ಸಮಾಧಾನ ಹೇಳಿದ, ಮುದುಕಿ ನೆಮ್ಮದಿಯಾಗಿ ಹೋದಳು ಎಂದರು. ತಾಯಿಗೆ ಕಿವಿ ಕೇಳುವಷ್ಟು ಹೊತ್ತು ಅವನು ಸಮಾಧಾನದ ಒಂದು ಮಾತೂ ಆಡಲಿಲ್ಲ ಎಂಬುದು ಶಾಂತಲಾಗೆ ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ.